ಕಲ್ಲಿಗೂ ಒಂದು ಊರು ಇರಲಿ

ಚಿತ್ತಾರದ ಕಲ್ಲು ಕೂಡಿಡುವ ಗೆಳೆಯರ ಜೊತೆ ನನಗೆ ಇರುವುದು ಒಂದೇ ತಕರಾರು. ಬಣ್ಣ ತೋರಿಸುತ್ತಾರೆ, ಗೆರೆ ತೋರಿಸುತ್ತಾರೆ, ಪಾಲಿಶ್ ತೋರಿಸುತ್ತಾರೆ. ಎಲ್ಲಿ ಸಿಕ್ತು ಅಂದರೆ ಮಾತ್ರ "ಅದೇ, ಆ ಕಡೆ ಎಲ್ಲೋ" ಅನ್ನುತ್ತಾರೆ. ನನ್ನ ಪ್ರಕಾರ ಊರು ಗೊತ್ತಿಲ್ಲದ ಕಲ್ಲು ಎಷ್ಟೇ ಚೆಂದ ಇರಲಿ, ಅರ್ಧ ಕಲ್ಲು ಅಷ್ಟೆ. ಇದನ್ನು ಹೇಳಿ ಹೇಳಿ ಕೆಲವರಿಗೆ ಬೇಜಾರೂ ಆಗಿದೆ. ಆಗಲಿ. ಇವತ್ತು ಪೂರ್ತಿ ಬರೆದೇ ಬಿಡುತ್ತೇನೆ.

ಬೇರೆ ಕಡೆಯವರು ಈ ಮಾತು ಬಿಟ್ಟರೆ ಬಿಡಲಿ, ನಮ್ಮ ಭಾಗದವರು ಬಿಡಬಾರದು. ಯಾಕಂದ್ರೆ ಬೀದರಿನಿಂದ ಸುರಪುರದವರೆಗೆ ಗಾಡಿಯಲ್ಲಿ ಹೋದರೆ ಮೂರು ಥರದ ನೆಲ ಸಿಗುತ್ತದೆ. ಬೀದರ್, ಬಸವಕಲ್ಯಾಣ, ಹುಮನಾಬಾದ್, ಆಳಂದ ಎಲ್ಲ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲಿನ ಸೀಮೆ. ಸುಮಾರು 6.6 ಕೋಟಿ ವರ್ಷದ ಹಿಂದಿನ ಬೆಂಕಿ ಅದು. ಕಲಬುರಗಿ ದಾಟಿ ಶಹಾಬಾದ್, ವಾಡಿ, ಚಿತ್ತಾಪುರ, ಮಳಖೇಡ, ಸೇಡಂ ಕಡೆ ಇಳಿದರೆ ಭೀಮಾ ಸೀಮೆಯ ಸುಣ್ಣಕಲ್ಲು. ಅದು ಲಾವಾಗಿಂತ ಎಷ್ಟೋ ಹಳೆಯದು, ಐವತ್ತು ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು. ಇನ್ನೂ ದಕ್ಷಿಣಕ್ಕೆ ಯಾದಗಿರಿ, ಸುರಪುರದ ಕಡೆ ಗ್ರಾನೈಟ್ ಬೆಟ್ಟಗಳು. ಯಾದಗಿರಿ ಕೋಟೆ ಕೂತಿರುವುದೇ ಅಂಥ ಬಂಡೆಯ ಮೇಲೆ. ಒಂದೇ ದಿನದ ದಾರಿಯಲ್ಲಿ ಇಷ್ಟೆಲ್ಲ ಇರುವಾಗ, ಕಲ್ಲಿನ ಮೇಲೆ "ನಮ್ಮ ಕಡೆಯದು" ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ.

ಮೊದಲು ಅಕೀಕ್ ಮಾತು. ಅಗೇಟ್ ಅಂತಲೂ ಕರೆಯುತ್ತಾರೆ. ದರ್ಗಾ ಬಜಾರಿನಲ್ಲಿ ಉಂಗುರಕ್ಕೆ ಕೂರಿಸುವ ಕಲ್ಲು ಅಂದರೆ ಕಲಬುರಗಿಯವರಿಗೆಲ್ಲ ಗೊತ್ತು. ಲಾವಾ ಆರುವಾಗ ಒಳಗಿನ ಗಾಳಿ ಗುಳ್ಳೆಯಾಗಿ ಸಿಕ್ಕಿಬೀಳುತ್ತದೆ. ಆಮೇಲೆ ಕಲ್ಲಿನ ಬಿರುಕಿನಲ್ಲಿ ಇಳಿಯುವ ನೀರು ಸಿಲಿಕಾ ತಂದು ಆ ಗುಳ್ಳೆಯ ಗೋಡೆಗೆ ಪದರ ಪದರವಾಗಿ ಹಚ್ಚುತ್ತದೆ. ಆ ಪದರಗಳೇ ಗೆರೆ. ಎಲ್ಲೋ ಸ್ವಲ್ಪ ಕಬ್ಬಿಣ ಸೇರಿದರೆ ಕೆಂಪು, ಮ್ಯಾಂಗನೀಸ್ ಒಳಗೆ ಹಬ್ಬಿದರೆ ಪಾಚಿಯಂಥ ಕಪ್ಪು ಕವಲು. ಸುತ್ತಲ ಕಪ್ಪು ಕಲ್ಲು ಸವೆದು ಯರಿ ಮಣ್ಣಾಗುತ್ತದೆ, ಅಕೀಕ್ ಅಷ್ಟು ಬೇಗ ಸವೆಯುವುದಿಲ್ಲ. ಅದಕ್ಕೇ ನೇಗಿಲು ಹೊಡೆದ ಹೊಲದಲ್ಲಿ, ಹೊಸ ಬಾವಿ ತೋಡಿದ ಮಣ್ಣಿನಲ್ಲಿ, ಮುಲ್ಲಾಮಾರಿ, ಕಾರಂಜಾ ಹೊಳೆಗಳ ಗರಸಿನಲ್ಲಿ ಅದು ಸಿಗುತ್ತದೆ. ರೈತರಿಗೆ ಅದು ಕಾಟ. ಆರಿಸಿ ಬದುವಿನ ಮೇಲೆ ಗುಡ್ಡೆ ಹಾಕಿರುತ್ತಾರೆ. ಕೇಳಿದರೆ "ಒಯ್ಯಿರಿ, ಎಲ್ಲಾ ಒಯ್ಯಿರಿ" ಅನ್ನುತ್ತಾರೆ. ಕೇಳದೆ ಎತ್ತಿದರೆ ಬೈಯುತ್ತಾರೆ, ಅದು ಸರಿಯೇ.

ಇಲ್ಲಿಯೇ ಊರು ಬೇಕಾಗುವುದು. ಬದುವಿನ ಗುಡ್ಡೆಯಲ್ಲಿ ಸಿಕ್ಕ ಕಲ್ಲು ಆ ಹೊಲದ್ದು, ಅಥವಾ ಪಕ್ಕದ್ದು. ಅದರ ಹುಟ್ಟು ಅಲ್ಲೇ ಕೆಳಗಿದೆ. ಹೊಳೆಯಲ್ಲಿ ಸಿಕ್ಕಿದ್ದು ಮೇಲಿನಿಂದ ಉರುಳಿ ಬಂದದ್ದು, ಎಷ್ಟು ದೂರದಿಂದಲೋ ಏನೋ. ನುಣ್ಣಗೆ ದುಂಡಗಾಗಿದ್ದರೆ ದೂರದ್ದು, ಮೂಲೆ ಚೂಪಾಗಿದ್ದರೆ ಹತ್ತಿರದ್ದು. ಒಂದೇ ಥರದ ಗೆರೆಯ ಎರಡು ಕಲ್ಲು, ಒಂದು ಹೊಲದ್ದು ಒಂದು ಹೊಳೆಯದ್ದು, ಡಬ್ಬದಲ್ಲಿ ಒಟ್ಟಿಗೆ ಹಾಕಿಟ್ಟರೆ ಮುಗಿಯಿತು. ಮುಂದಿನ ಸಲ ಅಂಥದ್ದೇ ಬೇಕು ಅಂದರೆ ಎಲ್ಲಿ ಹುಡುಕುತ್ತೀರಿ?

ಈಗ ಫರ್ಸಿ, ಅಂದರೆ ಶಹಾಬಾದ್ ಕಡೆಯ ಸುಣ್ಣಕಲ್ಲಿನ ಹಾಸುಗಲ್ಲು. ಮುಂಬೈ, ಪುಣೆಯ ಹಳೆ ಚಾಳು, ವಾಡೆಗಳಲ್ಲಿ ಹಾಸಿದ ಕಲ್ಲಿಗೆ "ಶಹಾಬಾದಿ ಫರ್ಸಿ" ಅನ್ನುತ್ತಾರೆ. ಶಹಾಬಾದ್ ಯಾವ ರಾಜ್ಯದಲ್ಲಿದೆ ಅಂತ ಗೊತ್ತಿಲ್ಲದವರೂ ಆ ಹೆಸರು ಹೇಳುತ್ತಾರೆ. ನಮಗೆ ಮಾತ್ರ ಅದು ಬಡವರ ಮನೆ ನೆಲ, ದನದ ಕೊಟ್ಟಿಗೆಯ ಹಾಸು. ಹೊಸ ಮನೆ ಕಟ್ಟುವಾಗ ಮೊದಲು ಕಿತ್ತು ಎಸೆಯುವುದೇ ಅದನ್ನು. ನನಗೆ ಇದರ ಬಗ್ಗೆ ಸಿಟ್ಟಿದೆ, ಬಿಡಿ.

ಖಣಿಯಲ್ಲಿ ಪದರ ಬಿಡಿಸುವುದನ್ನು ನೋಡಿದ್ದೀರಾ? ಉಳಿಯನ್ನು ಅಂಚಿಗೆ ಹಿಡಿದು ಸಾಲಾಗಿ ತಟ್ಟುತ್ತಾ ಹೋಗುತ್ತಾರೆ. ದನಿ ಬದಲಾದಾಗ ಕಲ್ಲು ಪುಸ್ತಕದ ಹಾಳೆ ಥರ ತೆರೆದುಕೊಳ್ಳುತ್ತದೆ. ಬೂದಿ, ನೀಲಿ, ತಿಳಿ ಹಳದಿ, ಕೆಲವೆಡೆ ಕಂದು ಗುಲಾಬಿ. ಅಪರೂಪಕ್ಕೆ ಆ ತೆರೆದ ಮೈಮೇಲೆ ಕಪ್ಪು ಗಿಡ ಬರೆದಂತೆ ಇರುತ್ತದೆ. ಕವಲು, ಕವಲಿಗೆ ಕವಲು. ಖಣಿಯವರಿಗೆ ಅದು ಕಲೆ ಬಿದ್ದ ಮಾಲು, ರೇಟು ಕಮ್ಮಿ. ನನಗೆ ಅದೇ ಬೇಕು.

ಇದನ್ನು ಕಂಡವರೆಲ್ಲ "ಗಿಡದ ಪಳೆಯುಳಿಕೆ" ಅನ್ನುತ್ತಾರೆ. ಅಲ್ಲ. ಕಲ್ಲಿನ ಸಂದಿಯಲ್ಲಿ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡ್ ಅದು. ಡೆಂಡ್ರೈಟ್ ಅನ್ನುತ್ತಾರೆ. ಸೂಕ್ಷ್ಮದರ್ಶಕ ಇಲ್ಲದೆ ಹೇಗೆ ಹೇಳುತ್ತೀರಿ ಅಂತ ಒಬ್ಬರು ಕೇಳಿದ್ದರು. ಕಲ್ಲು ಶಹಾಬಾದಿನದು ಅಂತ ಗೊತ್ತಿದ್ದರೆ ಸಾಕು. ಆ ಸುಣ್ಣಕಲ್ಲು ಕೂತ ಕಾಲಕ್ಕೆ ನೆಲದ ಮೇಲೆ ಗಿಡವೇ ಇರಲಿಲ್ಲ! ಅದೇ ನೀವು ಗುರುಮಠಕಲ್ ಕಡೆಯ ಕಲ್ಲು ತಂದಿದ್ದರೆ ನಾನು ಅಷ್ಟು ಬೇಗ ಇಲ್ಲ ಅನ್ನುವುದಿಲ್ಲ. ಅಲ್ಲಿ ಲಾವಾ ಹರಿವುಗಳ ನಡುವೆ ಹಳೆ ಕೆರೆಯ ಕೆಸರು ಗಟ್ಟಿಯಾದ ಪದರಗಳಿವೆ. ಅದರಲ್ಲಿ ಸಿಹಿನೀರಿನ ಸಣ್ಣ ಜೀವಿಗಳ ನಿಜವಾದ ಪಳೆಯುಳಿಕೆ ಸಿಕ್ಕಿವೆ, ಅದರ ಮೇಲೆ ವಿಜ್ಞಾನಿಗಳು ಬರೆದಿದ್ದಾರೆ. ಅಂಥ ಕಲ್ಲನ್ನು ಪೆಂಡೆಂಟ್ ಮಾಡಲು ಹೊರಡುವ ಮೊದಲು ತಿಳಿದವರಿಗೆ ತೋರಿಸಬೇಕು. ಶಹಾಬಾದಿನದ್ದಾದರೆ ಧಾರಾಳವಾಗಿ ಕತ್ತರಿಸಿ.

ಕತ್ತರಿಸುವುದಕ್ಕೂ ಊರು ಬೇಕು, ನಂಬಿ. ಫರ್ಸಿಯ ಮೇಲಿನ ಕಪ್ಪು ಗಿಡ ಬರೀ ಮೇಲ್ಮೈಯ ತೆಳು ಪೊರೆ. ಹೊಳಪು ಬರಲಿ ಅಂತ ಗ್ರೈಂಡರ್ ಇಟ್ಟರೆ ಗಿಡವೇ ಹೋಗುತ್ತದೆ, ಕೈಯಲ್ಲಿ ಬೂದಿ ಬಣ್ಣದ ಚಪ್ಪಡಿ ಉಳಿಯುತ್ತದೆ. ಅಂಚು ಮಾತ್ರ ಕತ್ತರಿಸಿ, ಮುಖ ಮುಟ್ಟಬೇಡಿ. ಬಾತ್‌ರೂಮ್ ತೊಳೆಯುವ ಆಸಿಡ್ಡಂತೂ ಹತ್ತಿರಕ್ಕೂ ತರಬೇಡಿ, ಸುಣ್ಣಕಲ್ಲು ನೊರೆ ಬಂದು ಕರಗುತ್ತದೆ. ನಿಂಬೆರಸ ಹಾಕಿದರೂ ಸಣ್ಣಗೆ ಗುಳ್ಳೆ ಏಳುತ್ತದೆ. ಅಕೀಕ್ ಒಳಗಿನ ಪಾಚಿ ಚಿತ್ತಾರ ಹಾಗಲ್ಲ, ಅದು ಕಲ್ಲಿನ ಆಳಕ್ಕೆ ಹಬ್ಬಿರುತ್ತದೆ. ಎಷ್ಟು ಹೋಳು ಮಾಡಿದರೂ ಪ್ರತಿ ಹೋಳಿನಲ್ಲೂ ಬೇರೆ ಚಿತ್ರ. ಗಟ್ಟಿತನದ ಮೋಸ್ ಅಳತೆಯಲ್ಲಿ ಅಕೀಕ್ 7ರ ಹತ್ತಿರ, ಸುಣ್ಣಕಲ್ಲು 3. ಚಾಕುವಿನ ತುದಿ ಫರ್ಸಿಯನ್ನು ಗೀಚುತ್ತದೆ, ಅಕೀಕ್ ಮೇಲೆ ಜಾರುತ್ತದೆ. ಹಾಗಾಗಿ ಉಂಗುರಕ್ಕೆ ಫರ್ಸಿ ಬೇಡ, ಗೋಡೆಗೋ ಮೇಜಿಗೋ ಸರಿ.

ಟೈಲ್ಸ್ ಕತ್ತರಿಸುವ ಅಂಗಡಿಯ ಡೈಮಂಡ್ ಬ್ಲೇಡಿನಲ್ಲಿ ಶುರು ಮಾಡಿದವರೇ ನಮ್ಮಲ್ಲಿ ಜಾಸ್ತಿ. ತಪ್ಪಿಲ್ಲ. ಆದರೆ ನೀರು ಹರಿಯುತ್ತಲೇ ಇರಬೇಕು. ಒಣಗಿದ್ದಾಗ ಕತ್ತರಿಸಿದರೆ ಸಿಲಿಕಾ ಧೂಳು ಎದೆಗೆ ಇಳಿಯುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಗುಜರಾತಿನ ಖಂಭಾತದಲ್ಲಿ ಅಕೀಕ್ ಉಜ್ಜುವ ಕೆಲಸದವರಲ್ಲಿ ಸಿಲಿಕೋಸಿಸ್, ಅಂದರೆ ಈ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಎಷ್ಟು ಜನರನ್ನು ಹಿಡಿದಿದೆ ಅನ್ನುವುದು ಬಹಳ ಹಳೆಯ ಸುದ್ದಿ. ಶೋಕಿಗೆ ಮಾಡುವ ನಾವು ಅದನ್ನು ಮೈಮೇಲೆ ಎಳೆದುಕೊಳ್ಳಬಾರದು. ಕತ್ತರಿಸುವ ಮೊದಲು ಕಲ್ಲನ್ನು ನೀರಿನಲ್ಲಿ ಅದ್ದಿ ಗಾಳಿಗೆ ಇಡಿ. ಮೈಯೆಲ್ಲ ಒಣಗಿದ ಮೇಲೂ ಒದ್ದೆ ಗೆರೆ ಉಳಿದರೆ ಅಲ್ಲಿ ಬಿರುಕಿದೆ.

ಅದ್ದುವ ಮಾತು ಬಂತು ಅಂತ ಇನ್ನೊಂದು ಹೇಳುತ್ತೇನೆ. ಆನ್‌ಲೈನ್‌ನಲ್ಲಿ ಮಾರುವ ಎಷ್ಟೋ ಹೋಳುಗಳ ಫೋಟೋ ಒದ್ದೆ ಇದ್ದಾಗ ತೆಗೆದದ್ದು. ಮನೆಗೆ ಬಂದಾಗ ಮಂಕು. ಇನ್ನು ಕಡು ನೀಲಿ, ಗುಲಾಬಿ, ನೇರಳೆ ಅಗೇಟ್ ಅಂತ ಬರುವುದರಲ್ಲಿ ಬಹುಪಾಲು ಬಣ್ಣ ಕುಡಿಸಿದ್ದು. ಅಗೇಟಿನ ಕೆಲವು ಪದರಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಬಣ್ಣ ಹೀರುತ್ತವೆ. ಜರ್ಮನಿಯ ಇಡಾರ್-ಓಬರ್‌ಸ್ಟೈನ್‌ನವರು ಸಕ್ಕರೆ ನೀರಿನಲ್ಲಿ ನೆನೆಸಿ, ಆಮೇಲೆ ಗಂಧಕಾಮ್ಲದಲ್ಲಿ ಹಾಕಿ ಕಪ್ಪು ಮಾಡುವುದನ್ನು 19ನೇ ಶತಮಾನದಲ್ಲೇ ರೂಢಿಸಿಕೊಂಡಿದ್ದರು. ಬಣ್ಣ ಹಾಕುವುದು ಪಾಪ ಅಂತ ನಾನು ಹೇಳುತ್ತಿಲ್ಲ. ಹೇಳದೆ ಮಾರುವುದು ಸರಿಯಲ್ಲ. ಅಂಥ ಕಲ್ಲಿನ ಮೇಲೆ ಊರಿನ ಹೆಸರು ನಾನಂತೂ ಕಂಡಿಲ್ಲ. "ಇಂಡಿಯನ್ ಅಗೇಟ್" ಅಂತ ಇರುತ್ತದೆ, ಮುಗೀತು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಗುರುತು, ಅಂದರೆ ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಾಗ ನಾವೆಲ್ಲ ಖುಷಿಪಟ್ಟೆವು. ಬೇಳೆಗೆ ಊರು ಕೇಳುವವರು ಕಲ್ಲಿಗೆ ಯಾಕೆ ಕೇಳುವುದಿಲ್ಲ?

ಇನ್ನು ಕೆಲವು ಕಲ್ಲು ಬಿದ್ದಲ್ಲೇ ಇರಬೇಕು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಯಾದಗಿರಿ ಜಿಲ್ಲೆಯ ಹುಣಸಗಿ, ಬೈಚಬಾಳ ಕಣಿವೆ ಗೊತ್ತಲ್ವಾ? ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಟ್ಟಲೆ ಅಲ್ಲಿ ಓಡಾಡಿ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಆರಿಸಿ, ಅಲ್ಲೇ ಕೂತು ಒಡೆದು, ಕೈಗೊಡಲಿ ಮಾಡಿದ ಜಾಗ ಸಿಕ್ಕಿತು. ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಲೆಕ್ಕ ಬಂದಿದೆ. ಚಪ್ಪಡಿ ಆರಿಸಿ ಕೆತ್ತುವ ಕೆಲಸ ನಮ್ಮ ಸೀಮೆಯಲ್ಲಿ ಎಷ್ಟು ಹಳೆಯದು ನೋಡಿ! ಅದು ಗೊತ್ತಾಗಿದ್ದು ಹೇಗೆ? ದೊಡ್ಡ ಚಪ್ಪಡಿ ಎಲ್ಲಿತ್ತು, ಚಕ್ಕೆ ಎಲ್ಲಿ ಬಿದ್ದಿತ್ತು, ಮುಗಿದ ಕೊಡಲಿ ಎಲ್ಲಿತ್ತು ಅನ್ನುವುದರಿಂದ. ಒಬ್ಬರು ಬಂದು ಚೆಂದದ ಕೊಡಲಿ ಎತ್ತಿಕೊಂಡು ಹೋಗಿ ಶೋಕೇಸಿನಲ್ಲಿ ಇಟ್ಟರೆ ಉಳಿಯುವುದು ಒಂದು ಮೊನಚು ಕಲ್ಲು, ಅಷ್ಟೆ. ಕಾನೂನೂ ಇದೆ, ನೂರು ವರ್ಷ ದಾಟಿದ ಮಾನವನಿರ್ಮಿತ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ. ಆದರೆ ಕಾನೂನಿನ ಹೆದರಿಕೆಗಿಂತ ಈ ಲೆಕ್ಕವೇ ನನಗೆ ದೊಡ್ಡದು.

ಭೀಮಾ ದಂಡೆಯ ಸನ್ನತಿಯದ್ದೂ ಇದೇ ಕಥೆ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಡು ಕುಸಿಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಇತ್ತು! ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಅಶೋಕನ ಉಬ್ಬುಶಿಲ್ಪ, ಹೆಸರಿನ ಸಮೇತ ಸಿಕ್ಕಿದೆ. ಭೀಮಾ ದಂಡೆಯಲ್ಲಿ ಕೆತ್ತನೆಯ ಚೂರು ಕಂಡರೆ ಫೋಟೋ ತೆಗೆದು ಪುರಾತತ್ವದವರಿಗೆ ತಿಳಿಸಿ. ಜೇಬಿಗೆ ಹಾಕಬೇಡಿ.

ಬೀದರಿನ ಗೆಳೆಯರು "ನಮ್ಮಲ್ಲಿ ಬರೀ ಕೆಂಪು ಜಂಬಿಟ್ಟಿಗೆ, ಕರಿಕಲ್ಲು, ಏನು ಕೂಡಿಡೋದು" ಅನ್ನುತ್ತಾರೆ. ಜಂಬಿಟ್ಟಿಗೆ ಪಾಲಿಶ್ ಆಗುವುದಿಲ್ಲ, ಒಪ್ಪಿದೆ. ಕರಿಕಲ್ಲನ್ನು ಬೈಯುವವರು ಮಾತ್ರ ಒಮ್ಮೆ ಕೋಟೆಯ ರಂಗೀನ್ ಮಹಲ್ ನೋಡಿ ಬರಲಿ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಕೆಲಸ ಇದೆ ಅಲ್ಲಿ. ನಾನು ಕಂಡ ಕಲ್ಲಿನ ಕೆಲಸದಲ್ಲಿ ಅದಕ್ಕಿಂತ ಮೇಲಿನದು ಇನ್ನೊಂದಿಲ್ಲ.

ಕಲ್ಲಿಗೆ ಊರಿನ ಚೀಟಿ ಬರೆಯುವುದು ಹೇಗೆ ಅಂತ ಕೇಳುವವರಿಗೆ: ಕಲ್ಲಿನ ಹಿಂಬದಿಗೆ ಬಿಳಿ ಪೇಂಟಿನ ಚುಕ್ಕೆ, ಅದರ ಮೇಲೆ ಇಂಡಿಯನ್ ಇಂಕಿನಲ್ಲಿ ನಂಬರು, ಅದೇ ನಂಬರು ನೋಟ್‌ಬುಕ್ಕಿನಲ್ಲಿ. ಹಳ್ಳಿ, ಹತ್ತಿರದ ಹಳ್ಳ ಅಥವಾ ಹೊಳೆ, ಹೊಲವೋ ಖಣಿಯೋ ಬಾವಿ ಮಣ್ಣೋ, ತಾರೀಖು. ಜಿಲ್ಲೆಯ ಹೆಸರನ್ನು ನಂಬಿ ಕೂರಬೇಡಿ. ಹಳೆ ಪುಸ್ತಕಗಳಲ್ಲಿ ಹುಣಸಗಿ ಗುಲ್ಬರ್ಗಾ ಜಿಲ್ಲೆಯಲ್ಲಿ, ಸುರಪುರ ತಾಲ್ಲೂಕಿನಲ್ಲಿ ಇದೆ. 2009ರ ಕೊನೆಗೆ ಯಾದಗಿರಿ ಬೇರೆಯಾಯಿತು, 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, ಈಗ ಹುಣಸಗಿಯೇ ಒಂದು ತಾಲ್ಲೂಕು. ಹಳ್ಳಿ ಮತ್ತು ಹೊಳೆ ಮಾತ್ರ ಅಲ್ಲೇ ಇವೆ. ಹೋಳು ಮಾಡಿದರೆ ಪ್ರತಿ ಹೋಳಿಗೂ ಅದೇ ನಂಬರು ಹಾಕಿ, ಇಲ್ಲದಿದ್ದರೆ ಎರಡು ವಾರದಲ್ಲಿ ಎಲ್ಲ ಕಲಸಿ ಹೋಗುತ್ತದೆ.

ಇದಕ್ಕೆ ಎದುರಾಗಿ ಒಂದು ಗಟ್ಟಿ ವಾದ ಇದೆ, ಅದನ್ನೂ ಹೇಳಬೇಕು. ಊರು ಬರೆದು ಫೋಟೋ ಹಾಕಿದರೆ ವ್ಯಾಪಾರಿಗಳು ಚೀಲ ಹಿಡಿದು ಬರುತ್ತಾರೆ, ಆ ಹೊಲ, ಆ ಹಳ್ಳ ಬರಿದಾಗುತ್ತದೆ ಅನ್ನುತ್ತಾರೆ. ಸುಳ್ಳಲ್ಲ. ಅದಕ್ಕೆ ನಾನು ಫೇಸ್‌ಬುಕ್ಕಿನಲ್ಲಿ ತಾಲ್ಲೂಕು, ಹೊಳೆ ಇಷ್ಟೇ ಹಾಕುತ್ತೇನೆ. ಪೂರ್ತಿ ಜಾಗ ನೋಟ್‌ಬುಕ್ಕಿನಲ್ಲಿ ಇರುತ್ತದೆ. ಜಗತ್ತಿಗೆಲ್ಲ ಕೂಗಿ ಹೇಳಿ ಅಂತ ನಾನು ಹೇಳುತ್ತಿಲ್ಲ, ಬರೆದಿಡಿ ಅಂತಿದ್ದೇನೆ. ಎರಡಕ್ಕೂ ಫರಕಿದೆ. ನಾಳೆ ನಾವು ಇಲ್ಲದಾಗ ಮನೆಯವರು ಆ ಡಬ್ಬಗಳನ್ನು ಏನು ಮಾಡುತ್ತಾರೆ? ನಂಬರು, ನೋಟ್‌ಬುಕ್ ಇದ್ದರೆ ಯಾವುದಾದರೂ ಕಾಲೇಜಿನ ಭೂವಿಜ್ಞಾನ ವಿಭಾಗ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಪಾಯಕ್ಕೆ ಹಾಕುತ್ತಾರೆ.

ಈಗ ನನ್ನ ಸ್ವಾರ್ಥ. ಚಿಂಚೋಳಿಗಿಂತ ಮೇಲೆ, ಮುಲ್ಲಾಮಾರಿ ದಂಡೆಯಲ್ಲಿ ಸಿಕ್ಕ ಪಾಚಿ ಅಕೀಕ್ ಯಾರ ಹತ್ತಿರ ಇದೆಯೋ ಅವರು ಮೆಸೇಜ್ ಮಾಡಿ. ಬದಲಿಗೆ ಶಹಾಬಾದಿನ ಗಿಡದ ಫರ್ಸಿ ಕೊಡುತ್ತೇನೆ, ಮೊಣಕೈ ಉದ್ದದ್ದು, ಅಂಚು ನೀಟಾಗಿ ಕತ್ತರಿಸಿದ್ದು. ಹಳ್ಳಿಯ ಹೆಸರು ಬೇಕೇ ಬೇಕು. "ಆ ಕಡೆ ಎಲ್ಲೋ" ಅನ್ನುವವರು ಚಹಾ ಕುಡಿಯಲು ಬನ್ನಿ, ಕಲ್ಲು ನೀವೇ ಇಟ್ಟುಕೊಳ್ಳಿ.