ಸ್ಪ್ಯಾನಿಷ್ ಭಾಷಿಕರ ವ್ಯಸನ ಚಿಕಿತ್ಸೆ: ಮೊಬೈಲ್‌ಗೆ ಮೊದಲ ಮಣೆಯೇ?

ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತನಾಡುವ ಸಮುದಾಯಗಳನ್ನು ವ್ಯಸನ ಚಿಕಿತ್ಸೆಗೆ ಕರೆತರಲು ಸರ್ಕಾರದ ಹಣ ಮೊದಲು ಮೊಬೈಲ್, ಜಾಲತಾಣ ಮತ್ತು ದೂರವೈದ್ಯ ಸೇವೆಗಳಿಗೆ ಹೋಗಬೇಕೇ?

ಪರ

2020ರ ಜನಗಣತಿಯಲ್ಲಿ ಲ್ಯಾಟಿನೊ ಅಥವಾ ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಇಲ್ಲವೇ ಸ್ಪೇನ್ ಮೂಲದವರು) ಎಂದು ಗುರುತಿಸಿಕೊಂಡ ಅಮೆರಿಕನ್ನರು ಸುಮಾರು 6.2 ಕೋಟಿ. ಮರುವರ್ಷ ಆ ದೇಶದಲ್ಲಿ ಮಾದಕವಸ್ತುಗಳ ಅತಿಸೇವನೆಯಿಂದ ಸತ್ತವರ ಸಂಖ್ಯೆ ಒಂದು ಲಕ್ಷವನ್ನು ದಾಟಿತು. ಹೊಲಗಳಲ್ಲಿ, ಕಟ್ಟಡ ಕಾಮಗಾರಿಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ ದಿನಗೂಲಿಗೆ ದುಡಿಯುವವನಿಗೆ ಚಿಕಿತ್ಸಾಲಯಕ್ಕೆ ಹೋಗುವುದೆಂದರೆ ಅಂದಿನ ಕೂಲಿಯನ್ನು ಕಳೆದುಕೊಳ್ಳುವುದು. ಹೋದರೂ ತನ್ನ ಭಾಷೆಯ ಆಪ್ತಸಮಾಲೋಚಕ ಅಲ್ಲಿರುತ್ತಾನೆಂಬ ಭರವಸೆಯಿಲ್ಲ. ನೆರೆಹೊರೆಯವರ ಕಣ್ಣಿಗೆ ಬಿದ್ದರೆ ಮನೆತನದ ಮಾನ ಹೋಗುತ್ತದೆಂಬ ಅಳುಕು ಬೇರೆ. ಈ ಮೂರೂ ಅಡ್ಡಿಗಳನ್ನು ಒಟ್ಟಿಗೆ ತಗ್ಗಿಸಬಲ್ಲ ಸಾಧನ ಮೊಬೈಲ್ ಒಂದೇ. ಪ್ಯೂ ಸಂಶೋಧನಾ ಕೇಂದ್ರದ 2021ರ ಸಮೀಕ್ಷೆಯ ಪ್ರಕಾರ, ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳುವುದರಲ್ಲಿ ಹಿಂದುಳಿದಿದ್ದ ಹಿಸ್ಪಾನಿಕ್ ವಯಸ್ಕರು ಸ್ಮಾರ್ಟ್‌ಫೋನ್ ಹೊಂದುವುದರಲ್ಲಿ ಬಿಳಿಯರಿಗೆ ಸಮಸಮನಾಗಿದ್ದರು.

ಕಾನೂನಿನ ಬದಲಾವಣೆಯೂ ಇದೇ ದಿಕ್ಕಿನಲ್ಲಿ ಸಾಗಿದೆ. 2008ರ ಕಾಯಿದೆಯೊಂದರ ಪ್ರಕಾರ, ಓಪಿಯಾಯ್ಡ್ (ಅಫೀಮಿನಂತೆ ಕೆಲಸ ಮಾಡುವ ಮಾದಕವಸ್ತು) ವ್ಯಸನಕ್ಕೆ ಕೊಡುವ ಬ್ಯುಪ್ರೆನಾರ್ಫಿನ್‌ನಂಥ ನಿಯಂತ್ರಿತ ಔಷಧಿಯನ್ನು ಆನ್‌ಲೈನ್ ಮೂಲಕ ಬರೆದುಕೊಡಲು ವೈದ್ಯರು ರೋಗಿಯನ್ನು ಒಮ್ಮೆಯಾದರೂ ಎದುರಿಗೆ ಕಂಡಿರಬೇಕಿತ್ತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ, ಆ ಷರತ್ತು ಸಡಿಲಗೊಂಡು ಬರಿಯ ದೂರವಾಣಿ ಮಾತುಕತೆಯ ಮೇಲೂ ಚಿಕಿತ್ಸೆ ಆರಂಭಿಸಲು ಅವಕಾಶವಾಯಿತು. 2022ರ ಕೊನೆಯಲ್ಲಿ, ಈ ಔಷಧಿ ಬರೆಯಲು ವೈದ್ಯರಿಗೆ ಬೇಕಿದ್ದ ವಿಶೇಷ ಅನುಮತಿಯೂ ರದ್ದಾಯಿತು. ಹೀಗಾಗಿ ಲಾಸ್ ಏಂಜಲೀಸ್‌ನಲ್ಲಿ ಕುಳಿತ ಸ್ಪ್ಯಾನಿಷ್ ಬಲ್ಲ ವೈದ್ಯೆಯೊಬ್ಬರು, ಅದೇ ರಾಜ್ಯದ ಸೆಂಟ್ರಲ್ ವ್ಯಾಲಿಯ ಕೃಷಿ ಕಾರ್ಮಿಕನಿಗೆ ಅವನ ಊಟದ ಬಿಡುವಿನಲ್ಲೇ ಔಷಧಿ ಬರೆದುಕೊಡಬಹುದು. ಆತ್ಮಹತ್ಯೆಯ ಯೋಚನೆ, ಮಾನಸಿಕ ಸಂಕಟಗಳಲ್ಲಿ ನೆರವಾಗುವ 988 ಸಹಾಯವಾಣಿ 2023ರ ಜುಲೈನಲ್ಲಿ ಸ್ಪ್ಯಾನಿಷ್‌ನಲ್ಲಿ ಸಂದೇಶ ಮತ್ತು ಚಾಟ್ ಸೇವೆಯನ್ನು ಆರಂಭಿಸಿದ ಮೇಲೆ, ಒಂದೇ ಕೋಣೆಯಲ್ಲಿ ನಾಲ್ವರೊಡನೆ ವಾಸಿಸುವವನೂ ಸದ್ದಿಲ್ಲದೆ ನೆರವು ಕೇಳಬಹುದಾಗಿದೆ.

ಇದಕ್ಕೆ ಪುರಾವೆ ಕೇಳುವವರು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ವರ್ತನಾ ಚಿಕಿತ್ಸೆಯ ಪಾಠಗಳನ್ನು ಅವರು ಅನುವಾದಿಸಿ ಸುಮ್ಮನಾಗಲಿಲ್ಲ. ನಮ್ಮ ಸಂಜೆಯ ಧಾರಾವಾಹಿಗಳ ಹಿರಿಯಕ್ಕನಂತಿರುವ ಟೆಲೆನೊವೆಲಾದ ಶೈಲಿಯಲ್ಲಿ ಪಾತ್ರಗಳನ್ನೂ ಸಂಭಾಷಣೆಗಳನ್ನೂ ಹೊಸದಾಗಿ ರೂಪಿಸಿದರು. ಭಾಗವಹಿಸಿದ 92 ಮಂದಿಯಲ್ಲಿ ಈ ಕಾರ್ಯಕ್ರಮವನ್ನು ಬಳಸಿದವರ ಮಾದಕವಸ್ತು ಸೇವನೆ ಉಳಿದವರದ್ದಕ್ಕಿಂತ ಹೆಚ್ಚು ತಗ್ಗಿತು, ಆ ಫಲ ಆರು ತಿಂಗಳ ಅನಂತರವೂ ಉಳಿದಿತ್ತು. ಒಳ್ಳೆಯ ಆಪ್ತಸಮಾಲೋಚಕನನ್ನು ತಯಾರಿಸಲು ವರ್ಷಗಳು ಬೇಕು. ಹೀಗೆ ಸಿದ್ಧವಾದ ಕಾರ್ಯಕ್ರಮವೊಂದು ನಾಳೆಯೇ ಸಾವಿರ ಊರುಗಳನ್ನು ತಲುಪಬಲ್ಲದು.

ವಿರೋಧ

ಯೇಲ್‌ನ ಪ್ರಯೋಗವನ್ನು ಇನ್ನೊಮ್ಮೆ, ಸ್ವಲ್ಪ ನಿಧಾನವಾಗಿ ಓದೋಣ. ಅಲ್ಲಿ ಆನ್‌ಲೈನ್ ಪಾಠಗಳು ಸಿಕ್ಕಿದ್ದು, ಚಿಕಿತ್ಸೆಯನ್ನು ಅರಸಿ ತಾವಾಗಿಯೇ ಬಂದು ಅದನ್ನು ಪಡೆಯುತ್ತಿದ್ದವರಿಗೆ. ಎಂದಿನ ಚಿಕಿತ್ಸೆಯ ಜೊತೆಗೆ, ಅದರ ಬದಲಿಗೆ ಅಲ್ಲ. ಸ್ಪ್ಯಾನಿಷ್‌ನಲ್ಲಿ ಮಾತನಾಡಿಸುವ ಸಿಬ್ಬಂದಿಯ ಬೆಂಬಲವಿದ್ದಾಗ ಪರದೆಯೂ ನೆರವಾಗುತ್ತದೆ ಎಂಬುದನ್ನು ಆ ಪ್ರಯೋಗ ತೋರಿಸಿದೆ. ಸಿಬ್ಬಂದಿಯೇ ಇಲ್ಲದ ಊರಿನಲ್ಲಿ ಪರದೆಯೊಂದೇ ಸಾಕು ಎಂದು ಅದು ಎಲ್ಲಿಯೂ ಹೇಳಿಲ್ಲ. ಪರವಾದಿಗಳ ಅತ್ಯುತ್ತಮ ಸಾಕ್ಷ್ಯವೇ, ನನ್ನ ದೃಷ್ಟಿಯಲ್ಲಿ, ಹಣ ಮೊದಲು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಅವರ ವಿರುದ್ಧ ಉತ್ತರ ಕೊಡುತ್ತದೆ.

ಚಿಕಿತ್ಸಾಲಯ ಹುಡುಕಿಕೊಡುವ ಸರ್ಕಾರಿ ಜಾಲತಾಣವನ್ನೇ ನೋಡಿ. ‘ಸ್ಪ್ಯಾನಿಷ್ ಸೇವೆ ಲಭ್ಯ’ ಎಂಬ ಮಾಹಿತಿ ಅಲ್ಲಿಗೆ ಬರುವುದು ಚಿಕಿತ್ಸಾಲಯಗಳೇ ಸಮೀಕ್ಷೆಗೆ ಕೊಟ್ಟ ಉತ್ತರಗಳಿಂದ. ಕರೆದಾಗ ಬರುವ ದುಭಾಷಿಯೂ ಆ ಲೆಕ್ಕಕ್ಕೆ ಸೇರಬಹುದು. ಕುಡಿತದ ಬಗ್ಗೆ, ಮನೆಯ ಜಗಳದ ಬಗ್ಗೆ, ಊರಿನಲ್ಲಿ ಬಿಟ್ಟು ಬಂದ ಮಕ್ಕಳ ಬಗ್ಗೆ ಬಾಯಿಬಿಡಬೇಕಾದವನು ವಾರಕ್ಕೊಬ್ಬ ಹೊಸ ದುಭಾಷಿಯ ಮುಂದೆ ಎಷ್ಟು ಬಾಯಿಬಿಟ್ಟಾನು? ಔಷಧಿಯ ಮಾತೂ ಇದೆ. ಓಪಿಯಾಯ್ಡ್ ವ್ಯಸನಕ್ಕೇ ಕೊಡುವ ಇನ್ನೊಂದು ಔಷಧಿಯಾದ ಮೆಥಡೋನ್ ಚಿಕಿತ್ಸೆಯನ್ನು ವಿಡಿಯೊ ಕರೆಯ ಮೂಲಕ ಆರಂಭಿಸಬಹುದೆಂದು 2024ರ ನಿಯಮ ಹೇಳಿದರೂ, ಅದನ್ನು ವಿತರಿಸುವುದು ಪರವಾನಗಿ ಪಡೆದ ಕೇಂದ್ರವೇ ಹೊರತು ಬೀದಿಬದಿಯ ಔಷಧಿ ಅಂಗಡಿಯಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನಂಬಿಕೆಯದು. ಮದ್ಯವ್ಯಸನಕ್ಕೆ ಆನ್‌ಲೈನ್ ಚಿಕಿತ್ಸೆ ಕೊಡುತ್ತಿದ್ದ ಮಾನ್ಯುಮೆಂಟ್ ಎಂಬ ಕಂಪನಿ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತು ವೇದಿಕೆಗಳಿಗೆ ಹಂಚಿದೆ ಎಂದು ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆರೋಪಿಸಿ ಕ್ರಮ ಕೈಗೊಂಡಿತು. 2025ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾ ಸೇರಿದಂತೆ ಕೆಲವು ರಾಜ್ಯಗಳ ಮೆಡಿಕೇಡ್ (ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಫಲಾನುಭವಿಗಳ ವಿವರಗಳು ವಲಸೆ ನಿಯಂತ್ರಣವನ್ನೂ ನೋಡಿಕೊಳ್ಳುವ ಗೃಹಭದ್ರತಾ ಇಲಾಖೆಯ ಕೈಸೇರಿದ ಸುದ್ದಿ ಹೊರಬಿತ್ತು. ಕಾಗದಪತ್ರಗಳಿಲ್ಲದ ಅಣ್ಣನೊಬ್ಬ ಮನೆಯಲ್ಲಿರುವಾಗ, ತನ್ನ ಹೆಸರು, ವಿಳಾಸ, ವ್ಯಸನ ಮೂರನ್ನೂ ಮೊಬೈಲ್‌ನಲ್ಲಿ ತುಂಬಲು ತಂಗಿ ಹಿಂಜರಿದರೆ ಅದನ್ನು ಅಜ್ಞಾನವೆನ್ನಲಾಗದು.

ಇನ್ನು, ಈ ಸಾಧನಗಳ ಆಯುಷ್ಯವೂ ಗಟ್ಟಿಯಲ್ಲ. ವ್ಯಸನ ಚಿಕಿತ್ಸೆಯ ಮೊಬೈಲ್ ಕಾರ್ಯಕ್ರಮಕ್ಕೆ 2017ರಲ್ಲಿ ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) ಮನ್ನಣೆ ಪಡೆದ ಪೇರ್ ಥೆರಪ್ಯೂಟಿಕ್ಸ್ ಎಂಬ ಕಂಪನಿ 2023ರಲ್ಲಿ ದಿವಾಳಿಯಾಯಿತು. ಬಡ ಕುಟುಂಬಗಳ ಇಂಟರ್ನೆಟ್ ವೆಚ್ಚಕ್ಕೆ ಸಾಮಾನ್ಯವಾಗಿ ತಿಂಗಳಿಗೆ 30 ಡಾಲರ್‌ವರೆಗೆ ನೆರವಾಗುತ್ತಿದ್ದ ಸರ್ಕಾರಿ ಯೋಜನೆ ಹಣ ಮುಗಿದು 2024ರ ಜೂನ್‌ನಲ್ಲಿ ನಿಂತಿತು. ಮೊಬೈಲ್ ಎಲ್ಲರ ಕೈಯಲ್ಲಿದೆ ಎನ್ನುವವರು, ಅದರಲ್ಲಿ ತಿಂಗಳ ಕೊನೆಗೆ ಡೇಟಾ ಉಳಿದಿರುತ್ತದೆಯೇ ಎಂಬುದನ್ನೂ ಕೇಳಬೇಕು.

988ರ ಸ್ಪ್ಯಾನಿಷ್ ಸೇವೆ ಬೇಡವೆಂದು ನಾನು ವಾದಿಸುತ್ತಿಲ್ಲ. ಅಲ್ಲಿ ಉತ್ತರ ಕೊಡುವುದು ತರಬೇತಿ ಪಡೆದ ಮನುಷ್ಯರು, ಅದರ ಬಲವಿರುವುದೂ ಅವರಲ್ಲೇ. ಅನುದಾನ ಬಂದಾಗ ಮೊದಲ ಪಾಲು ಸ್ಪ್ಯಾನಿಷ್ ಬಲ್ಲ ಆಪ್ತಸಮಾಲೋಚಕರ ಸಂಬಳಕ್ಕೆ, ಸಂಜೆ ಮತ್ತು ಭಾನುವಾರ ತೆರೆದಿರುವ ಚಿಕಿತ್ಸಾಲಯಗಳಿಗೆ ಹೋಗಲಿ. ಅಲ್ಲಿಗೆ ಬಂದು ಹೋಗುವವರ ಕೈಗೆ ಟೆಲೆನೊವೆಲಾ ಪಾಠಗಳನ್ನು ಕೊಟ್ಟು ಕಳಿಸುವ ಕೆಲಸ, ಯೇಲ್‌ನಲ್ಲಿ ಆದಂತೆಯೇ, ಅದರ ನಂತರದ್ದು.