"ಇಲ್ಲ" ಅಂತ ಬರೆಸ್ಕೊಳ್ಳೋಕೂ ಕ್ಯೂ ನಿಲ್ಬೇಕಾ?

ನಮ್ಮೂರಿನ ಸರ್ಕಾರಿ ದೊಡ್ಡಾಸ್ಪತ್ರೇಲಿ ಕ್ಯಾಥ್‌ಲ್ಯಾಬ್, ಅಂದ್ರೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕೋ ಕೋಣೆ, ಇಲ್ಲ. ಇದು ಡಾಕ್ಟ್ರಿಗೂ ಗೊತ್ತು, ಸೆಕ್ಯುರಿಟಿಗೂ ಗೊತ್ತು, ಗೇಟ್ ಮುಂದೆ ಎಳನೀರು ಮಾರೋನಿಗೂ ಗೊತ್ತು. ಆದ್ರೂ ಅಪ್ಪಂಗೆ ಸ್ಟೆಂಟ್ ಹಾಕಿಸ್ಬೇಕು ಅಂದ್ರೆ "ಇಲ್ಲಿ ಆ ಸೌಲಭ್ಯ ಇಲ್ಲ" ಅಂತ ಇವ್ರ ಕೈಲೇ ಬರೆಸ್ಕೊಂಡು ಖಾಸಗಿ ಆಸ್ಪತ್ರೆಗೆ ಹೋಗ್ಬೇಕು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಸ್ಕೀಮ್ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಸರ್ಕಾರಿಯಲ್ಲಿ ಆಗದೇ ಇರೋದು ಖಾಸಗಿಯಲ್ಲಿ ಆಗ್ಲಿ, ಇಲ್ಲಿ ರಶ್ ಕಮ್ಮಿಯಾಗ್ಲಿ ಅನ್ನೋ ಲೆಕ್ಕ. ಚೆನ್ನಾಗಿದೆ. ಆದ್ರೆ ಎಮರ್ಜೆನ್ಸಿ ಅಲ್ಲದಿದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಬೇಕಲ್ಲ! ಹಂಗಾಗಿ ಖಾಸಗಿಗೆ ಹೋಗೋರೂ ಮೊದ್ಲು ಇಲ್ಲೇ ಬಂದು ರಶ್ ಮಾಡ್ಬೇಕು. ಯಾವ ಪುಣ್ಯಾತ್ಮನ ತಲೆಗೆ ಹೊಳೀತೋ.

ಬೆಳಗ್ಗೆ ಓಪಿಡಿ ಚೀಟಿಗೆ ಒಂದು ಕ್ಯೂ. ಡಾಕ್ಟ್ರ ರೂಮ್ ಮುಂದೆ ಇನ್ನೊಂದು, ಅಲ್ಲಿ ಜ್ವರದ ಮಗು ಎತ್ಕೊಂಡಿರೋ ತಾಯಿ ನಮ್ಮ ಹಿಂದೆ, ನಾವು ಬರೀ ಸಹಿಗೋಸ್ಕರ ಅವಳ ಮುಂದೆ. ಪಾಪ ಡಾಕ್ಟ್ರು ಫೈಲ್ ನೋಡಿ ಎರಡು ನಿಮಿಷದಲ್ಲಿ ಬರೆದುಕೊಟ್ರು, ಅವರ ಮೇಲೆ ನಂಗೇನೂ ಸಿಟ್ಟಿಲ್ಲ. ಸೀಲು ಮಾತ್ರ ಕೆಳಗಿನ ರೂಮಲ್ಲಿ. ಸೀಲ್ ಇಟ್ಕೊಂಡಿರೋರು ಊಟಕ್ಕೆ. ಆಮೇಲೆ ಸರ್ವರ್ ಡೌನ್. ಆಮೇಲೆ ರೇಷನ್ ಕಾರ್ಡಲ್ಲಿ ಅಪ್ಪನ ಹೆಸರಿನ ಜೊತೆ ಗೌಡ ಇದೆ, ಆಧಾರಲ್ಲಿ ಇಲ್ಲ. ಎದೆನೋವಿನ ಮನುಷ್ಯ ಮೆಟ್ಟಿಲ ಮೇಲೆ ಕೂತು ಬೆವರು ಒರೆಸ್ಕೊತಾ "ಬಿಡೋ, ಮನೆಗೆ ಹೋಗಣ" ಅಂತಾರೆ.

ಲೆಟರ್ ಹಿಡ್ಕೊಂಡು ಖಾಸಗಿಗೆ ಹೋದ್ರೆ ಅವರದ್ದು ಬೇರೆ ರಾಗ. ಸ್ಕೀಮ್ ಬೆಡ್ ಖಾಲಿ ಇಲ್ಲ, ಸರ್ಕಾರದಿಂದ ಹಳೇ ಬಿಲ್ಲೇ ಬಂದಿಲ್ಲ, ಮುಂದಿನ ವಾರ ಫೋನ್ ಮಾಡಿ. "ಕ್ಯಾಶ್ ಆದ್ರೆ?" ಅಂದೆ. ಇವತ್ತೇ ಅಡ್ಮಿಟ್ ಅಂತೆ! ವಿಜಯಪುರದೋರು 2025ರಲ್ಲಿ ಪಿಪಿಪಿ (ಸರ್ಕಾರ-ಖಾಸಗಿ ಸೇರಿ ನಡೆಸೋ) ಮೆಡಿಕಲ್ ಕಾಲೇಜು ಬೇಡ, ಪೂರ್ತಿ ಸರ್ಕಾರಿದೇ ಬೇಕು ಅಂತ ಧರಣಿ ಕೂತಿದ್ದು ಸುಮ್ನೆ ಅಲ್ಲ ಬಿಡಿ.

ಯಾವ ಆಸ್ಪತ್ರೇಲಿ ಏನಿಲ್ಲ ಅನ್ನೋ ಪಟ್ಟಿ ಇಲಾಖೆ ಹತ್ರಾನೇ ಇರ್ಬೇಕಲ್ವಾ? ಇಲ್ಲದೇ ಇರೋದಕ್ಕೆ ನೇರ ಕಳಿಸ್ರಯ್ಯಾ. ಖಾಸಗಿಯವ್ರ ಬಾಕಿ ಟೈಮಿಗೆ ಕೊಡಿ, ಆಮೇಲೂ ಬೆಡ್ ಇಲ್ಲ ಅಂದ್ರೆ ಸ್ಕೀಮಿನ ಪಟ್ಟಿಯಿಂದ ಕಿತ್ತಾಕಿ. ಅಷ್ಟು ಮಾಡೋಕೆ ಆಗಲ್ಲ ಅಂದ್ರೆ ಆಯುಷ್ಮಾನ್ ಕಾರ್ಡ್ ಯಾಕೆ ಹಂಚಿದ್ರಿ?