ಗಿರಾಕಿಗಳನ್ನೇ ಕೇಳಬೇಕಂತೆ!

ನಿನ್ನೆ ಸಂಜೆ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋಗಿದ್ದೆ. ಮೊಣಕಾಲು ನೋವಿನ ಪುಡಿ ಮಾರುವವನೊಬ್ಬನನ್ನು ಜನ ಮುತ್ತಿಕೊಂಡಿದ್ದರು. ಔಷಧ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದ ನಾನು ಸುಮ್ಮನೆ ದಾಟಿ ಹೋಗುತ್ತೇನೆಯೇ? "ಇದರಲ್ಲಿ ಏನೇನು ಹಾಕಿದ್ದೀರಿ?" ಎಂದೆ. "ಅದನ್ನು ಬಿಡಿ ಕಾಕಾ, ನಮ್ಮ ಗಿರಾಕಿಗಳನ್ನೇ ಕೇಳಿ" ಎನ್ನುತ್ತ ಹೊಗಳಿಕೆ ತುಂಬಿದ ದಪ್ಪ ನೋಟ್‌ಬುಕ್ಕೊಂದನ್ನು ಮುಂದೆ ಹಿಡಿದ.

ನಾನು ಕೇಳಿದ್ದು ಪುಡಿಯ ಬಗ್ಗೆ!

ಆ ನೋಟ್‌ಬುಕ್ಕಿನಲ್ಲಿ ಒಂದೂ ಬೈಗುಳ ಇರಲಿಲ್ಲ. ಇರುವುದಾದರೂ ಹೇಗೆ? ಗುಣ ಕಾಣದವರು ಆಳಂದದಲ್ಲೋ ಜೇವರ್ಗಿಯಲ್ಲೋ ಕಾಲು ನೀವಿಕೊಳ್ಳುತ್ತ ಕುಳಿತಿರುತ್ತಾರೆ. ಬೈದು ಬರೆಯುವುದಕ್ಕೆಂದೇ ಬಸ್ ಹಿಡಿದು ಬರುವಷ್ಟು ಪುರುಸೊತ್ತು ಯಾರಿಗಿದೆ? ಗುಣವಾದವರ ಕಥೆಯೂ ಅಷ್ಟೇ. ಮೊಣಕಾಲು ನೋವು ಏರುತ್ತದೆ, ಇಳಿಯುತ್ತದೆ. ಜನ ಪುಡಿ ಕೊಳ್ಳುವುದು ನೋವು ತೀರ ಏರಿದಾಗ. ಅಲ್ಲಿಂದ ಮುಂದೆ ಅದು ಹೆಚ್ಚಾಗಿ ಇಳಿಯಲೇಬೇಕು. ಚಳಿಗಾಲದಲ್ಲಿ ಕುಂಟುತ್ತ ಬಂದವರು ಶರಣಬಸವೇಶ್ವರರ ತೇರಿನ ಹೊತ್ತಿಗೆ ಚುರುಕಾಗಿ ಓಡಾಡಿದರೆ ಶ್ರೇಯವೆಲ್ಲ ಪುಡಿಗೆ. ನಮ್ಮೂರಿನ ಬಿಸಿಲಿಗೆ ಮಾತ್ರ ಬರೀ ಬೈಗುಳ!

ಇದಿಷ್ಟೇ ಆಗಿದ್ದರೆ ನಕ್ಕು ಮನೆಗೆ ಹೋಗುತ್ತಿದ್ದೆ. ಆದರೆ ಇಂಥ ಹೆಸರಿಲ್ಲದ ಪುಡಿಗಳಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಬೆರೆಸುವುದು ದೇಶದಲ್ಲಿ ಹೊಸ ವಿದ್ಯೆಯಲ್ಲ. ಇವನ ಪುಡಿಯಲ್ಲಿ ಇದೆ ಎಂದು ಹೇಳುತ್ತಿಲ್ಲ. ಏನಿದೆ ಎಂದು ಅವನೇ ಹೇಳಲಿಲ್ಲವಲ್ಲ! ಸ್ಟೀರಾಯ್ಡ್ ಇದ್ದರೆ ನೋವು ಬೇಗ ತಗ್ಗುತ್ತದೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. "ಅಜ್ಜಿ ಎಷ್ಟು ಚೆನ್ನಾಗಿ ಆಗಿದ್ದಾರೆ ನೋಡಿ" ಎಂದು ಮನೆಯವರು ಹಿಗ್ಗುತ್ತಾರೆ. ಒಳಗೆ ಸಕ್ಕರೆ ಏರುತ್ತಿರುತ್ತದೆ, ಮೂಳೆ ಸವೆಯುತ್ತಿರುತ್ತದೆ. ಗಿರಾಕಿಯ ಖುಷಿಗೆ ಕಾರಣವಾದ ವಸ್ತುವೇ ಇಲ್ಲಿ ವಿಷ. ನೋಟ್‌ಬುಕ್ಕಿನಲ್ಲಿ ಅತಿ ಸುಂದರ ಅಕ್ಷರದಲ್ಲಿ ಬರೆದವರ ಬಗ್ಗೆಯೇ ನನಗೆ ಹೆಚ್ಚು ಭಯ.

"ಸುಧಾರಿಸಿದೆ ಎಂದು ಅಷ್ಟು ಜನ ಸುಳ್ಳು ಹೇಳುತ್ತಾರೆಯೇ?" ಎನ್ನುತ್ತೀರಿ. ಸುಳ್ಳಲ್ಲ. 2011ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಆಸ್ತಮಾ ರೋಗಿಗಳ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಔಷಧವಿರುವ ಇನ್‌ಹೇಲರ್ ಎಳೆದವರೂ ಔಷಧವಿಲ್ಲದ ಇನ್‌ಹೇಲರ್ ಎಳೆದವರೂ ಹೆಚ್ಚುಕಡಿಮೆ ಒಂದೇ ಸಮ ಆರಾಮವಾಯಿತು ಎಂದರು. ಯಂತ್ರಕ್ಕೆ ಊದಿಸಿದಾಗ ಔಷಧ ಪಡೆದವರ ಉಸಿರಿನ ಬಲ ಸುಮಾರು ಶೇ 20ರಷ್ಟು ಹೆಚ್ಚಿತ್ತು, ಉಳಿದವರದ್ದು ಸುಮಾರು ಶೇ 7. ಏನನ್ನೂ ಕೊಡದೆ ಕೂರಿಸಿದವರದ್ದೂ ಅಷ್ಟೇ. ಔಷಧವಿಲ್ಲದ ಇನ್‌ಹೇಲರ್ ಎಳೆದು ಪ್ರಾಮಾಣಿಕವಾಗಿ "ಆರಾಮ" ಎಂದವರ ಶ್ವಾಸಕೋಶ, ಏನನ್ನೂ ಪಡೆಯದವರದ್ದಕ್ಕಿಂತ ಹೆಚ್ಚೇನೂ ಸುಧಾರಿಸಿರಲಿಲ್ಲ.

ಅನುಭವಕ್ಕೆ ಬೆಲೆಯೇ ಇಲ್ಲವೇ? ಇದೆಯಪ್ಪ. ಮಿರ್ಚಿ ಭಜಿ ರುಚಿಯಾಗಿದೆಯೇ ಎನ್ನುವುದಕ್ಕೆ ತಿಂದವನ ಮಾತೇ ಕೊನೆಯದು. ನೋವು ಎಷ್ಟಿದೆ ಎಂದು ಹೇಳುವ ಹಕ್ಕೂ ರೋಗಿಯದೇ. ಯಾವುದರಿಂದ ತಗ್ಗಿತು, ಅದಕ್ಕೆ ದೇಹ ತೆತ್ತ ಬೆಲೆಯೇನು ಎನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ನನ್ನ ಹೊಟ್ಟೆಕಿಚ್ಚೂ ಇದರಲ್ಲಿದೆ, ಮುಚ್ಚಿಡುವುದಿಲ್ಲ. ನೆಗಡಿಗೆ ಆ್ಯಂಟಿಬಯಾಟಿಕ್ ಕೊಡಿ ಎಂದು ಬಂದವರಿಗೆ "ವೈದ್ಯರ ಚೀಟಿ ತನ್ನಿ" ಎಂದರೆ ಮುಖ ಸಿಂಡರಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ನಾನೂ ಒಂದು ನೋಟ್‌ಬುಕ್ ಇಟ್ಟಿದ್ದರೆ ಅದರ ತುಂಬ ಶಾಪವೇ ಇರುತ್ತಿತ್ತು. ಗಿರಾಕಿಯ ಮುಖವೇ ತಕ್ಕಡಿಯಾದರೆ ಪುಡಿಯವನು ಧನ್ವಂತರಿ, ನಾನು ದುಷ್ಟ.

ಒಂದು ಮಾತು. ಮನೆಯಲ್ಲಿ ಯಾರಾದರೂ ಇಂಥ ಪುಡಿಯನ್ನು ವಾರಗಟ್ಟಲೆ ತಿನ್ನುತ್ತಿದ್ದರೆ, ಇದನ್ನು ಓದಿದ ಸಿಟ್ಟಿಗೆ ಇವತ್ತೇ ಕಿತ್ತು ಎಸೆಯಬೇಡಿ. ಸ್ಟೀರಾಯ್ಡ್ ಇದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ಸಮೇತ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ.